ಐದು ರಾಶಿಗೆ ಒಂದೇ ಲಾಭ

ಸಮೀಕರಣಕ್ಕೆ ನಂಬರ್ ಕೊಡುವುದು ಮನುಷ್ಯರ ಕೆಲಸ ಅಲ್ಲ ಅಂತ ನಾನು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ, ಈಗ ಸ್ಟಾಫ್ ರೂಮಿನಲ್ಲಿ ಈ ವಿಷಯ ತೆಗೆದರೆ ಸಾಕು, ಎದುರಿಗಿದ್ದವರು ಚಹಾ ಕಪ್ಪು ಎತ್ತಿಕೊಂಡು ವರಾಂಡಕ್ಕೆ ಹೋಗಿಬಿಡುತ್ತಾರೆ. ಹೋಗಲಿ. ಅವರಿಗೆ ನನ್ನ ಕಷ್ಟ ಬಂದಿಲ್ಲ.

ನಾನು ಸುರಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಪ್ರತಿ ಸಮೀಕರಣದ ಪಕ್ಕದಲ್ಲೂ ನಂಬರನ್ನು ನಾನೇ ಟೈಪ್ ಮಾಡಿದ್ದೆ. ಎಲ್ಲ ಮುಗಿದ ಮೇಲೆ ಮಾರ್ಗದರ್ಶಕರು ಶುರುವಿನಲ್ಲೇ ಒಂದು ಸಮೀಕರಣ ಸೇರಿಸು ಅಂದರು. ಅದೊಂದು ಒಳಗೆ ಬಂದದ್ದೇ ತಡ, ಅದರ ಕೆಳಗಿದ್ದವೆಲ್ಲ ಒಂದೊಂದು ಸ್ಥಾನ ಮುಂದೆ ಸರಿದವು. 'ಮೇಲಿನ ಹದಿನಾಲ್ಕನೆಯದರಿಂದ' ಅಂತ ಬರೆದ ಕಡೆಯೆಲ್ಲ ಹುಡುಕಿ ಹುಡುಕಿ ಹದಿನೈದು ಮಾಡಬೇಕಾಯಿತು. ಸಂಜೆಯಾದರೂ ಬಂಡೆಗಳು ಬಿಸಿ ಕಾರುವ ನಮ್ಮೂರಿನ ಬೇಸಿಗೆಯಲ್ಲಿ, ಇಡೀ ರಜೆ ಈ ಹಾಳು ನಂಬರುಗಳ ಹಿಂದೆ ಓಡಾಡಿ ಕಳೆದೆ. ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ವಿಜ್ಞಾನದ ಬರವಣಿಗೆಗೆಂದೇ ಮಾಡಿದ ಒಂದು ತಂತ್ರಾಂಶ ಕಲಿತೆ. ಅದರ ರೀತಿಯೇ ಬೇರೆ. ಸಮೀಕರಣಕ್ಕೆ ನೀವು ನಂಬರ್ ಕೊಡುವಂತಿಲ್ಲ, ಒಂದು ಹೆಸರು ಕೊಡಬೇಕು. ಅದಕ್ಕೆ ಲೇಬಲ್ ಅನ್ನುತ್ತಾರೆ. ಆ ಹೆಸರು ಅಚ್ಚಿನಲ್ಲಿ ಕಾಣುವುದಿಲ್ಲ, ಬರೆಯುವವರಿಗೆ ಮತ್ತು ಯಂತ್ರಕ್ಕೆ ಮಾತ್ರ ಗೊತ್ತು. ಮುಂದೆ ಎಲ್ಲಾದರೂ ಆ ಸಮೀಕರಣದ ಮಾತು ಬಂದರೆ ಅದೇ ಹೆಸರು ಬರೆದರಾಯಿತು. ಯಂತ್ರವೇ ಎಣಿಸಿ, ಸರಿಯಾದ ನಂಬರನ್ನು ತಂದು ಅಲ್ಲಿ ಕೂರಿಸುತ್ತದೆ. ನಡುವೆ ಹೊಸದು ಸೇರಿಸಿ, ಹಳೆಯದು ತೆಗೆಯಿರಿ, ಅದು ತಾನೇ ಮತ್ತೆ ಎಣಿಸಿಕೊಳ್ಳುತ್ತದೆ. ಇದನ್ನು ಕಂಡ ದಿನ ನನಗೆ ಖುಷಿಯಾದದ್ದಕ್ಕಿಂತ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಅಂತ ಹೊಟ್ಟೆ ಉರಿದದ್ದೇ ಹೆಚ್ಚು.

ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುವ ಅತಿಥಿ ಉಪನ್ಯಾಸಕಿಯೊಬ್ಬಳಿದ್ದಾಳೆ. ದೇವಾಪುರದವಳು, ನನಗಿಂತ ತುಂಬ ಚಿಕ್ಕವಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಅವರದು ಒಕ್ಕಲುತನದ ಮನೆ. ಕಾಲುವೆ ನೀರು ಅವರ ಹೊಲದ ತನಕ ಬರುತ್ತದೆ, ಆದರೆ ಅದು ಬರುವ ಹೊತ್ತಿಗೆ ಮೇಲಿನವರ ಗದ್ದೆಗಳೆಲ್ಲ ತುಂಬಿ ಕಪ್ಪೆ ಕೂಗುತ್ತಿರುತ್ತವೆ. ಮೇಲೆ ಗೇಟ್ ಎತ್ತಿದ ಮೇಲೆ ಕೊನೆಯ ಹೊಲಕ್ಕೆ ನೀರು ಮುಟ್ಟಲು ಎಷ್ಟು ಹೊತ್ತು ಬೇಕು, ದಾರಿಯಲ್ಲಿ ಎಷ್ಟು ಮಣ್ಣಿಗೆ ಇಂಗುತ್ತದೆ, ಅನ್ನುವುದೇ ಅವಳ ಪ್ರಬಂಧದ ವಿಷಯ. ಸಣ್ಣವಳಿದ್ದಾಗ ಬದುವಿನ ಮೇಲೆ ಕೂತು ನೀರಿಗಾಗಿ ಕಾದವಳು ಅವಳು. ದೊಡ್ಡವಳಾಗಿ ಆ ಕಾಯುವಿಕೆಗೆ ಸಮೀಕರಣ ಬರೆದಳು. ಎಂಥ ಚಂದದ ಕೆಲಸ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರಬಂಧವನ್ನು ಅದೇ ತಂತ್ರಾಂಶದಲ್ಲಿ ಅವಳೇ ಟೈಪ್ ಮಾಡಿದಳು. ಐದು ಅಧ್ಯಾಯ, ಐದೂ ಬೇರೆ ಬೇರೆ ಫೈಲು. ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಒಂದೊಂದಾಗಿ ಮುಗಿಸುತ್ತಿದ್ದಳು. ಸಮೀಕರಣಗಳಿಗೆ ಲೇಬಲ್ ಕೊಡುವುದೆಂದರೆ ಅವಳಿಗೆ ಒಂಥರ ನಾಮಕರಣ. ಗೇಟಿನದಕ್ಕೆ ಗೇಟ್ ಅಂತ, ಕಾಲುವೆ ತಳದ ಒರಟಿನದಕ್ಕೆ ಕಲ್ಲು ಅಂತ, ಕೊನೆಯ ಹೊಲದ್ದಕ್ಕೆ ಅಪ್ಪ ಅಂತ. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಮಾತು. ನಾನು ನೋಡಿ ನಗುತ್ತಿದ್ದೆ.

ಅದೇ ವರ್ಷ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರೊಬ್ಬರು ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದರು. ಶಹಾಪುರದ ಆಚೆಯ ಒಂದು ಹಳ್ಳಿಯವರು, ನಮ್ಮ ಜಿಲ್ಲೆಯವರೇ, ಅದಕ್ಕೇ ಎಲ್ಲ ಕಾಲೇಜಿಗೂ ಅವರೇ ಮುಖ್ಯ ಅತಿಥಿ. ಭಾಷಣ ಬಹಳ ಚಂದ ಮಾಡುತ್ತಾರೆ. 'ನಾನೂ ನಿಮ್ಮ ಹಂಗ ಒಕ್ಕಲಿಗನ ಮಗ. ಕಣದಾಗ ಸೇರು ಹಿಡದು ಜ್ವಾಳ ಅಳದ ಕೈ ಇದು' ಅಂತ ಬಲಗೈ ಎತ್ತಿ ತೋರಿಸಿದರು. ಹುಡುಗರು ಸಿಳ್ಳೆ ಹಾಕಿದರು. ನಮ್ಮವಳು ಮುಂದಿನ ಸಾಲಿನಲ್ಲಿ ಕೂತು ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದಳು, ಕಣ್ಣಲ್ಲಿ ನೀರೂ ಬಂದಿತ್ತು. ಈ ಕೈಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರ ಮಾತು ಬರುತ್ತದೆ.

ಪ್ರಬಂಧ ಮುಗಿಯಿತು. ವಿಶ್ವವಿದ್ಯಾಲಯದವರಿಗೆ ಐದು ಫೈಲು ಕೊಟ್ಟರೆ ನಡೆಯುವುದಿಲ್ಲ, ಒಂದೇ ಮಾಡಿ ಕೊಡಬೇಕು, ಜೊತೆಗೆ ಟೈಪ್ ಮಾಡಿದ ಮೂಲ ಫೈಲನ್ನೂ ಕೊಡಬೇಕು. ಅವಳು ಶಹಾಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಪ್ರಿಂಟ್ ತೆಗೆದು ಬೈಂಡ್ ಮಾಡಿಕೊಡುವ ಅಂಗಡಿಯಲ್ಲಿ ಕೂತು, ಐದನ್ನೂ ಒಂದರ ಕೆಳಗೊಂದು ಜೋಡಿಸಿದಳು. ಪ್ರತಿ ಅಧ್ಯಾಯವನ್ನೂ ಮೊದಲೇ ಅಕ್ಷರ ಅಕ್ಷರ ತಿದ್ದಿ ಆಗಿತ್ತು. ಈಗ ನೋಡಬೇಕಾದದ್ದು ಪುಟದ ಅಂಚು, ಅಕ್ಷರದ ಗಾತ್ರ, ಪುಟಸಂಖ್ಯೆ ನಡುವೆ ಇದೆಯೋ ಇಲ್ಲವೋ ಅನ್ನುವುದು. ಯಾಕೆಂದರೆ ವಿಶ್ವವಿದ್ಯಾಲಯದ ಆಫೀಸಿನಲ್ಲಿ ನೋಡುವುದು ಅದನ್ನೇ. ಅಲ್ಲಿ ಒಬ್ಬರು ಸ್ಕೇಲ್ ಹಿಡಿದು ಅಂಚು ಅಳೆಯುತ್ತಾರೆ, ಸುಳ್ಳಲ್ಲ. ಅಂಚು ಸರಿ ಇದ್ದದ್ದರಿಂದ ಪ್ರಬಂಧ ಒಳಗೆ ಹೋಯಿತು.

ಕೆಲವು ತಿಂಗಳ ನಂತರ ಅವಳ ಮೊಬೈಲಿಗೆ ಒಂದು ಮೇಲ್ ಬಂತು. ಮೂರು ಜನರ ಕಮಿಟಿ ಪ್ರಬಂಧ ನೋಡಿದೆ, ಇದು ಅಭ್ಯರ್ಥಿ ಬರೆದದ್ದಲ್ಲ, ಯಂತ್ರದಿಂದ ಬರೆಸಿದ್ದು ಅನ್ನುವ ಬಲವಾದ ಸಂಶಯ ಇದೆ, ಬಂದು ಉತ್ತರ ಕೊಡಬೇಕು, ಇಲ್ಲದಿದ್ದರೆ ತಿರಸ್ಕರಿಸಲಾಗುವುದು ಅಂತ. ಈಗ ಏನು ಕೇಳಿದರೂ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳು ಬಂದಿವೆಯಲ್ಲ, ಅವುಗಳ ಮಾತು.

ಕಾರಣಗಳನ್ನೂ ಕೊಟ್ಟಿದ್ದರು. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಸಮೀಕರಣಗಳ ಉಲ್ಲೇಖ ಅರ್ಥಹೀನವಾಗಿದೆ, ಒಂಬತ್ತನೇ ಪುಟದಲ್ಲೇ ಇನ್ನೂ ಬಾರದ ಐದನೇ ಅಧ್ಯಾಯದ ಸಮೀಕರಣದಿಂದ ಲೆಕ್ಕ ಶುರು ಮಾಡಲಾಗಿದೆ, ಇಂಥ ಸುಳ್ಳು ಉಲ್ಲೇಖ ಹುಟ್ಟಿಸುವುದು ಯಂತ್ರದ ಲಕ್ಷಣ. ಮೂಲ ಫೈಲಿನಲ್ಲಿ ಯಾವ ಭಾಷೆಗೂ ಸೇರದ ಅರ್ಥವಿಲ್ಲದ ಗುರುತುಗಳಿವೆ. ಐದನೇ ಅಧ್ಯಾಯ ಮಾತ್ರ ಸರಿಯಾಗಿದೆ, ಬಹುಶಃ ಅದೊಂದು ಅಭ್ಯರ್ಥಿಯ ಸ್ವಂತದ್ದಿರಬಹುದು. ಕೆಳಗೆ ಮೂವರ ಹೆಸರು. ಮೂರನೆಯದು ಜ್ವಾಳ ಅಳೆದ ಕೈಯವರದು.

ನಾನು ಓದಿ ಕುದ್ದುಹೋದೆ. ಅವಳು ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟಳು. ಡಿಗ್ರಿ ಬಾರದಿದ್ದರೆ ಅತಿಥಿ ಉಪನ್ಯಾಸಕಿಯಾಗಿಯೇ ಮುದುಕಿಯಾಗುತ್ತೇನೆ, ಅದನ್ನು ಹೇಗೋ ತಡೆದುಕೊಳ್ಳಬಹುದು ಅಂದಳು. ಆದರೆ ತಾನು ಬರೆದದ್ದು ತನ್ನದಲ್ಲ ಅಂದರೆ ಏನು ಮಾಡುವುದು ಅಂತ ಕೇಳಿದಳು. ಇಷ್ಟು ವರ್ಷ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಖಾಲಿ ಕ್ಲಾಸಿನಲ್ಲಿ ಕೂತು ಮಾಡಿದ ಲೆಕ್ಕ. ಅದನ್ನು ಅವಳ ಕೈಯಿಂದ ಕಿತ್ತು ಒಂದು ಯಂತ್ರಕ್ಕೆ ಕೊಟ್ಟುಬಿಟ್ಟಿದ್ದರು.

ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಇಬ್ಬರೂ ಕೂತೆವು. ಪ್ರಬಂಧ ತೆರೆದು ನೋಡಿದರೆ ಅವರು ಹೇಳಿದ್ದು ನಿಜವೇ ಇತ್ತು. ಕಾಲುವೆಗೆ ಬಂದ ನೀರಿನಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಒಳಗೇ ಇರಬೇಕು, ಅದು ಮೊದಲ ಅಧ್ಯಾಯದ ಮೊದಲ ಸಮೀಕರಣ. ಮುಂದಿನದು ಅದರಿಂದಲೇ ಹುಟ್ಟಬೇಕು. ಆದರೆ ಅಚ್ಚಿನಲ್ಲಿ ಅದು 5.1 ರಿಂದ ಹುಟ್ಟಿತ್ತು. 5.1 ಅಂದರೆ ಐದನೇ ಅಧ್ಯಾಯದ ಮೊದಲ ಸಮೀಕರಣ, ಮಣ್ಣಿಗೆ ಇಂಗುವ ನೀರಿನ ಲೆಕ್ಕ. ಎರಡನೇ ಅಧ್ಯಾಯದಲ್ಲೂ 5.1, ಮೂರರಲ್ಲೂ ನಾಲ್ಕರಲ್ಲೂ 5.1. ಬೇರೆ ಎಲ್ಲ ನಂಬರೂ ಸರಿ ಇದ್ದವು, ಪ್ರತಿ ಅಧ್ಯಾಯದ ಮೊದಲ ಸಮೀಕರಣವನ್ನು ಕರೆದ ಕಡೆ ಮಾತ್ರ ಈ 5.1 ಬಂದು ಕೂತಿತ್ತು.

ಮೂಲ ಫೈಲಿನಲ್ಲಿ ಮೊದಲ ಸಮೀಕರಣದ ಲೇಬಲ್ ನೋಡಿದೆ. ಲಾಭ ಅಂತಿತ್ತು. ಎರಡನೇ ಅಧ್ಯಾಯದ ಮೊದಲನೆಯದಕ್ಕೂ ಲಾಭ. ಐದಕ್ಕೆ ಐದೂ ಲಾಭ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೇ ಸೇರಿಗೆ ಯಾರೂ ಒಂದು ಅನ್ನುವುದಿಲ್ಲ. ಶುಭವಾಗಲಿ ಅಂತ ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಕು. ಈಗ ತೂಕದ ಕಾಂಟಾ ಬಂದಿದೆ, ಸೇರು ಮೂಲೆ ಸೇರಿದೆ, ಆದರೂ ಟ್ರ್ಯಾಕ್ಟರಿಗೆ ಚೀಲ ಏರಿಸುವಾಗ ಮೊದಲನೇ ಚೀಲ ಲಾಭವೇ. ಇವಳು ಚೀಲದ ಬಾಯಿ ಹಿಡಿದು ನಿಂತು, ಅಪ್ಪ ಹಾಗೆ ಎಣಿಸುವುದನ್ನು ಕೇಳಿಯೇ ಎಣಿಕೆ ಕಲಿತವಳು. ಅಧ್ಯಾಯದ ಮೊದಲ ಸಮೀಕರಣಕ್ಕೆ ಹೆಸರು ಬೇಕಾದಾಗ ಕೈ ತಾನಾಗಿ ಲಾಭ ಅಂತ ಬರೆದಿತ್ತು. ಐದು ಫೈಲು ಬೇರೆ ಬೇರೆ ಇರುವ ತನಕ ಏನೂ ತೊಂದರೆ ಇರಲಿಲ್ಲ. ಒಂದಾದ ಕೂಡಲೇ ಒಂದೇ ಹೆಸರಿನ ಐದು ಸಮೀಕರಣ ಆದವು, ತಂತ್ರಾಂಶ ಕೊನೆಗೆ ಬಂದದ್ದನ್ನು ಹಿಡಿದುಕೊಂಡು ಎಲ್ಲರಿಗೂ ಅದನ್ನೇ ತೋರಿಸಿತು.

ನನಗೆ ಮೊದಲು ನಗು ಬಂತು. ಅವಳು ಹಣೆ ಚಚ್ಚಿಕೊಂಡಳು.

'ನಮ್ಮಪ್ಪ ಪ್ರತಿ ರಾಶಿಗೂ ಲಾಭ ಅಂತಾನ್ರಿ ಅಕ್ಕಾ' ಅಂದಳು. 'ಯಾವ ರಾಶಿದು ಅಂತ ಯಾರೂ ಕೇಳಂಗಿಲ್ಲ. ಅಂವ ಆ ರಾಶಿ ಮುಂದೇ ನಿಂತಿರ್ತಾನಲ್ರಿ.'

ನಗು ಮುಗಿದ ಮೇಲೆ ನನಗೆ ಆ ತಂತ್ರಾಂಶದ ಮೇಲೇ ಸಿಟ್ಟು ತಿರುಗಿತು. ಅದು ಹೇಳಿರಲಿಲ್ಲವೇ ಅಂದರೆ, ಹೇಳಿತ್ತು. ಕೆಲಸ ಮುಗಿದಾಗ ಅದು ಉದ್ದಕ್ಕೆ ಏನೇನೋ ವರದಿ ಒದರುತ್ತದೆ. ಈ ಸಾಲು ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬಂದಿದೆ, ಆ ಸಾಲಿನಲ್ಲಿ ಪದಗಳ ನಡುವೆ ಜಾಗ ಹೆಚ್ಚಾಗಿದೆ, ಪುಟಗಟ್ಟಲೆ ಇದೇ ಗೋಳು. ಅದರ ನಡುವೆ ಒಂದೇ ಸಾಲಿನಲ್ಲಿ, ಒಂದು ಲೇಬಲ್ ಹಲವು ಸಲ ಬಂದಿದೆ ಅಂತ ಮೆಲ್ಲಗೆ ಗೊಣಗಿ ಸುಮ್ಮನಾಗಿತ್ತು. ಇಲ್ಲದ ಹೆಸರನ್ನು ಕರೆದರೆ ಅಚ್ಚಿನಲ್ಲೇ ದಪ್ಪಗೆ ಎರಡು ಪ್ರಶ್ನೆಚಿಹ್ನೆ ಹಾಕಿ ಊರಿಗೆಲ್ಲ ತೋರಿಸುವ ಯಂತ್ರ, ಒಂದೇ ಹೆಸರಿನವರು ಐದು ಜನ ಬಂದರೆ ಯಾರು ಬೇಕು ಅಂತ ಒಂದು ಮಾತು ಕೇಳುವುದಿಲ್ಲ. ಅಂಚು ತಪ್ಪಿದರೆ ಕೂಗಾಟ, ಅರ್ಥ ತಪ್ಪಿದರೆ ಪಿಸುಮಾತು. ವಿಶ್ವವಿದ್ಯಾಲಯದ ಆಫೀಸೂ ಈ ಯಂತ್ರವೂ ಒಂದೇ ಮನೆತನದವು ಅನ್ನಿಸಿತು.

ತಿದ್ದುವುದು ಎಷ್ಟರ ಕೆಲಸ! ಅವಳು ಪ್ರತಿ ಲಾಭದ ಮುಂದೆ ಅದರ ರಾಶಿಯ ಹೆಸರು ಸೇರಿಸಿದಳು. ಕಾಲುವೆ ಲಾಭ, ಗೇಟ್ ಲಾಭ, ಮಣ್ಣಿನ ಲಾಭ. ಚಹಾ ಆರುವುದರೊಳಗೆ ಇಡೀ ಪ್ರಬಂಧ ನೆಟ್ಟಗಾಯಿತು. ಲಾಭ ತೆಗೆದು ಒಂದು ಅಂತ ಹಾಕಿಬಿಡು, ಯಾಕೆ ರಗಳೆ ಅಂತ ನಾನಂದೆ. ಅವಳು ಕೇಳಲಿಲ್ಲ. ಹೆಸರು ತಪ್ಪಾಗಿರಲಿಲ್ಲ, ಯಾವ ರಾಶಿಯದು ಅಂತ ಹೇಳುವುದು ಬಿಟ್ಟುಹೋಗಿತ್ತು ಅಷ್ಟೇ ಅಂದಳು.

ಸರಿಪಡಿಸಿದ್ದನ್ನು ಕಳಿಸಿ, ಏನಾಗಿತ್ತು ಅಂತಲೂ ಬರೆದೆವು. ಹೊಸ ಫೈಲು ತೆಗೆದುಕೊಳ್ಳಲಾಗದು, ಮೊದಲು ಕಮಿಟಿಯ ಮುಂದೆ ಬನ್ನಿ ಅಂತ ಉತ್ತರ ಬಂತು. ನಾನು ಅಷ್ಟೊತ್ತಿಗೆ ಒಂದು ಲೆಕ್ಕ ಹಾಕಿದ್ದೆ. ಕಮಿಟಿಯಲ್ಲಿ ನಮ್ಮವರೊಬ್ಬರಿದ್ದಾರೆ. ಬೇರೆಯವರಿಗೆ ಲಾಭ ಅಂದರೆ ಅಂಗಡಿಯ ಮಾತು, ಅವರಿಗೆ ಹಾಗಲ್ಲ. ಯಾವ ಯಂತ್ರ ತನ್ನ ಮೊದಲ ಸಮೀಕರಣಕ್ಕೆ ಲಾಭ ಅಂತ ಹೆಸರಿಡುತ್ತದೆ? ಇಡೀ ಪ್ರಬಂಧದಲ್ಲಿ ಇದು ದೇವಾಪುರದ ಮನುಷ್ಯರು ಬರೆದದ್ದು ಅಂತ ಕೂಗಿ ಹೇಳುವ ಗುರುತು ಅದೊಂದೇ. ಅವರು ಅಷ್ಟು ಅಂದರೆ ಸಾಕಿತ್ತು.

ಕಮಿಟಿಯ ದಿನ ಯಾದಗಿರಿಗೆ ಹೋಗಿ ವಿಶ್ವವಿದ್ಯಾಲಯದ ಊರಿನ ರೈಲು ಹಿಡಿದೆವು. ಅವಳ ಮಾರ್ಗದರ್ಶಕರಿಗೆ ಅವತ್ತೇ ಮೈ ಹುಷಾರಿರಲಿಲ್ಲ, ಅದು ಇಂಥ ದಿನಗಳಲ್ಲಿ ತಪ್ಪದೆ ಬರುವ ಜಡ್ಡು. ಜೊತೆಗೆ ಒಬ್ಬರು ಇರಬಹುದು ಅಂದದ್ದರಿಂದ ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ನಡುವೆ ಅಧ್ಯಕ್ಷರು, ದಕ್ಷಿಣದ ಕಡೆಯವರು, ದೊಡ್ಡ ಗಣಿತಜ್ಞರಂತೆ. ಒಂದು ಪಕ್ಕ ಏನೂ ಮಾತಾಡದ ಒಬ್ಬರು. ಇನ್ನೊಂದು ಪಕ್ಕ ನಮ್ಮವರು. ನಮ್ಮವಳು ಕೈ ಮುಗಿದಳು, ಅವರು ಫೈಲಿನಲ್ಲಿ ಏನೋ ಹುಡುಕುತ್ತಿದ್ದರು.

ಅಧ್ಯಕ್ಷರು ಮೂಲ ಫೈಲಿನ ಒಂದು ಹಾಳೆ ಎತ್ತಿ, ಇದೇನಮ್ಮಾ, ಎಲ್ಲ ಕಡೆ ಲಾಭ, ಲಾಭ ಅಂತ ಕೇಳಿದರು. ಅವಳು ಎದ್ದು ನಿಂತು ಹೇಳಿದಳು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ ಸರ್, ಲಾಭ ಅನ್ನುತ್ತೇವೆ, ಐದು ಅಧ್ಯಾಯಕ್ಕೂ ಹಾಗೇ ಇಟ್ಟಿದ್ದರಿಂದ ಟೈಪ್ ಮಾಡುವ ತಂತ್ರಾಂಶ ಒಂದಕ್ಕೊಂದು ಕಲಸಿತು ಅಂತ. ಅಧ್ಯಕ್ಷರು ನಕ್ಕರು. ಕೆಟ್ಟ ನಗುವೇನಲ್ಲ, ನಂಬದವರ ನಗು. ಕಥೆ ಚೆನ್ನಾಗಿದೆ ಅಂದರು. ಆಮೇಲೆ ಪಕ್ಕಕ್ಕೆ ತಿರುಗಿ, ನೀವು ಅದೇ ಜಿಲ್ಲೆಯವರಲ್ಲವೇ, ಹೀಗೊಂದು ಪದ್ಧತಿ ಇದೆಯಾ ಅಂತ ನಮ್ಮವರನ್ನು ಕೇಳಿದರು.

ನಾನು ಕುರ್ಚಿಯ ತುದಿಗೆ ಬಂದೆ. ಅವರು ಕನ್ನಡಕ ತೆಗೆದು ಒರೆಸಿದರು.

'ಇದ್ದರೂ ಇರಬಹುದು' ಅಂದರು, ಪುಸ್ತಕದ ಕನ್ನಡದಲ್ಲಿ. 'ನನಗೆ ಅಷ್ಟಾಗಿ ನೆನಪಿಲ್ಲ.'

ನೆನಪಿಲ್ಲವಂತೆ! ಸುರಪುರದ ಸ್ಟೇಜಿನ ಮೇಲೆ ಎತ್ತಿ ತೋರಿಸಿದ ಅದೇ ಬಲಗೈಯಿಂದ ಕನ್ನಡಕ ಒರೆಸುತ್ತ ಆ ಮಾತಾಡಿದರು. ಅಧ್ಯಕ್ಷರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಗೊತ್ತಿರಲಿಲ್ಲ. ಈ ಮನುಷ್ಯನಿಗೆ ಗೊತ್ತಿತ್ತು. ಮೂಲ ಫೈಲು ಮೊದಲ ಸಲ ನೋಡಿದ ದಿನವೇ ಗೊತ್ತಾಗಿತ್ತು, ಗೊತ್ತಿದ್ದೂ 'ಯಾವ ಭಾಷೆಗೂ ಸೇರದ ಗುರುತು' ಅನ್ನುವ ಮಾತಿನ ಕೆಳಗೆ ಸಹಿ ಮಾಡಿದ್ದರು. ತಿಳಿದವರ ನಡುವೆ ಕೂತು ಕಣದ ಮಾತಾಡಲು ನಾಚಿಕೆ. ಹಳ್ಳಿ ಹುಡುಗರ ಮುಂದೆ ಅದೇ ಕಣ ಅವರಿಗೆ ಸಿಳ್ಳೆ ಗಿಟ್ಟಿಸಿಕೊಡುತ್ತದೆ.

ನಾನು ಎದ್ದು ಮಾತಾಡಲು ಹೋದೆ. ಜೊತೆಗೆ ಬಂದವರು ಮಾತಾಡುವಂತಿಲ್ಲ ಅಂತ ಕೂಡಿಸಿದರು. ಅಷ್ಟರಲ್ಲಿ ಅವಳು, ಬೋರ್ಡಿನ ಮೇಲೆ ಬರೆಯಲಾ ಸರ್ ಅಂತ ಕೇಳಿದಳು. ದನಿ ಏನೂ ಬದಲಾಗಿರಲಿಲ್ಲ.

ಮೊದಲ ಅಧ್ಯಾಯದಿಂದ ಶುರು ಮಾಡಿದಳು. ಹಾಳೆ ನೋಡಲಿಲ್ಲ. ಮೊದಲ ಸಮೀಕರಣ ಬರೆದು, ಅದರ ಪಕ್ಕದಲ್ಲಿ ನಂಬರ್ ಹಾಕುವ ಜಾಗದಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಲಾಭ ಅಂತ ಬರೆದಳು. ಅದರ ಕೆಳಗಿನದಕ್ಕೆ ಎರಡು. ಅದರ ಕೆಳಗೆ ಮೂರು. ಬೋರ್ಡ್ ತುಂಬಿತು, ಒರೆಸಿ ಎರಡನೇ ಅಧ್ಯಾಯಕ್ಕೆ ಹೋದಳು, ಮತ್ತೆ ಮೊದಲನೆಯದರ ಪಕ್ಕ ಲಾಭ. ಅಧ್ಯಕ್ಷರು ಆರಾಮಾಗಿ ಒರಗಿದ್ದವರು ನಿಧಾನಕ್ಕೆ ಮುಂದೆ ಬಾಗಿದರು. ಗೇಟನ್ನು ಒಮ್ಮೆಲೇ ಮುಚ್ಚಿದರೆ ಏನಾಗುತ್ತದೆ ಅಂತ ಕೇಳಿದರು. ನೀರು ಗುಡ್ಡೆಯಾಗಿ ಹಿಂದಕ್ಕೆ ಓಡುತ್ತದೆ ಸರ್, ನಾನು ನೋಡಿದ್ದೇನೆ ಅಂದು, ಅದರ ಲೆಕ್ಕವನ್ನೂ ಅಲ್ಲೇ ಮಾಡಿ ತೋರಿಸಿದಳು. ಅದು ಪ್ರಬಂಧದಲ್ಲಿ ಇರಲೇ ಇಲ್ಲ. ಅಧ್ಯಕ್ಷರು ಇನ್ನೂ ಏನೇನೋ ಕೇಳಿದರು, ಕೇಳುವ ಧಾಟಿಯೇ ಬೇರೆಯಾಗಿತ್ತು, ಗಣಿತ ಇಷ್ಟಪಡುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಹಾಗೆ. ನಮ್ಮವರು ಅಷ್ಟು ಹೊತ್ತೂ ಬೋರ್ಡಿನ ಕಡೆ ನೋಡಲಿಲ್ಲ.

ತಾಂತ್ರಿಕ ದೋಷ ಸರಿಪಡಿಸಿ ಮತ್ತೆ ಸಲ್ಲಿಸುವುದು, ಪ್ರಬಂಧವನ್ನು ಅಂಗೀಕರಿಸಲಾಗಿದೆ ಅಂತ ಬರೆದುಕೊಟ್ಟರು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ಯಂತ್ರದ ಸಂಶಯ ವಾಪಸ್ ತೆಗೆದುಕೊಂಡಿದ್ದೇವೆ ಅಂತ ಒಂದು ಸಾಲೂ ಇರಲಿಲ್ಲ. ಇಷ್ಟು ದೊಡ್ಡ ಆರೋಪ ಹೊರಿಸಿದ್ದಕ್ಕೆ ಎರಡು ಪುಟ ಬೇಕಾಯಿತು, ಇಳಿಸುವುದಕ್ಕೆ ಎರಡು ಪದವೂ ಸಿಗಲಿಲ್ಲ.

ನಾವು ಮೆಟ್ಟಿಲ ಹತ್ತಿರ ಬಂದಾಗ ಹಿಂದಿನಿಂದ ನಮ್ಮವರು ಬಂದರು. ಆಚೀಚೆ ಯಾರೂ ಇಲ್ಲದ್ದನ್ನು ನೋಡಿಕೊಂಡರು.

'ನಮ್ಮಪ್ಪನೂ ಲಾಭ ಅಂತಿದ್ದ ನೋಡ್ ತಂಗಿ' ಅಂದರು, ಈಗ ನಮ್ಮ ಮಾತಿನಲ್ಲಿ, ಬಹಳ ಪ್ರೀತಿಯಿಂದ.

ಅವಳು ಹೌದ್ರಿ ಸರ್ ಅಂದಳು. ನನ್ನ ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ, ಅವಳು ನನ್ನ ಮೊಣಕೈ ಹಿಡಿದು ಕೆಳಗೆ ಇಳಿಸಿದಳು. ಯಾದಗಿರಿ ಬರುವ ತನಕ ನಾನು ಆ ಮನುಷ್ಯನನ್ನು ಬೈಯುತ್ತಲೇ ಇದ್ದೆ. ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ಸುರಪುರದ ಬಸ್ಸು ಹತ್ತುವಾಗ ಮಾತ್ರ, ಅವರು ಹೌದು ಅಂದಿದ್ದರೆ ನಾನು ಬೋರ್ಡಿನ ಹತ್ತಿರ ಹೋಗುತ್ತಲೇ ಇರಲಿಲ್ಲ, ಅನ್ನದಿದ್ದದ್ದೇ ಒಳ್ಳೆಯದಾಯಿತು ಅಂದಳು. ಹಾಗೆ ಅಂದುಕೊಳ್ಳುವ ದೊಡ್ಡ ಮನಸ್ಸು ನನಗಿಲ್ಲ.

ಡಿಗ್ರಿ ಬಂತು. ಮಾತು ಮಾತ್ರ ಹೋಗಲಿಲ್ಲ. ಸಣ್ಣ ಊರು, ಆರೋಪ ಬಂದದ್ದು ಎಲ್ಲರಿಗೂ ಗೊತ್ತು, ಬೋರ್ಡಿನ ಮೇಲೆ ಬರೆದದ್ದು ಯಾರಿಗೂ ಗೊತ್ತಿಲ್ಲ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲೂ, ಅವಳದು ಯಂತ್ರದ ಡಿಗ್ರಿ ಅಂತ ಹಲ್ಲು ಕಿಸಿಯುವವರಿದ್ದರು. ಕ್ಲಾಸಿನಲ್ಲಿ ಲೆಕ್ಕ ಬಿಡಿಸುವಾಗ ಹಿಂದಿನ ಬೆಂಚಿನಿಂದ ಯಾರೋ, ಮೇಡಂ ಮೊಬೈಲ್ ನೋಡಿ ಮಾಡ್ರಿ ಅಂದರಂತೆ. ಅವತ್ತು ಅವಳು ಊಟ ಮಾಡಲಿಲ್ಲ. ನಾನು ಹೋಗಿ ಆ ಕ್ಲಾಸಿಗೆ ಉಗಿದು ಬಂದೆ, ಅದರಿಂದ ಏನೂ ಆಗಲಿಲ್ಲ.

ಮುಂದಿನ ವಾರ್ಷಿಕೋತ್ಸವದಲ್ಲಿ ಪಿಎಚ್.ಡಿ. ಪಡೆದ ಅವಳಿಗೆ ಸನ್ಮಾನ ಅಂತ ಪ್ರಿನ್ಸಿಪಾಲರು ಹೇಳಿದರು. ಮುಖ್ಯ ಅತಿಥಿ ಯಾರು ಅಂತ ಬೇರೆ ಹೇಳಬೇಕೇ? ನಾನು ಬರುವುದಿಲ್ಲ ಅಂದೆ. ಬರ್ರಿ ಅಕ್ಕಾ ಅಂತ ಅವಳೇ ಕರೆದುಕೊಂಡು ಹೋದಳು.

ಸಭಾಂಗಣ ತುಂಬಿತ್ತು. ದೇವಾಪುರ, ತಿಂಥಣಿ, ಸುತ್ತಲಿನ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ಅತಿಥಿಗಳು ಅವಳಿಗೆ ಶಾಲು ಹೊದಿಸಿದರು, ನಮ್ಮ ಮಣ್ಣಿನ ಮಗಳು ಅಂದರು. ಅವಳು ಶಾಲು ಹೊದ್ದುಕೊಂಡು ಸ್ಟೇಜಿನ ಮೇಲೇ ಕೊನೆಯ ಕುರ್ಚಿಯಲ್ಲಿ ಕೂತಳು. ಅವರು ಭಾಷಣ ಶುರು ಮಾಡಿ, ಎಂದಿನ ಜಾಗಕ್ಕೆ ಬಂದು, ಎಂದಿನ ಹಾಗೆ ಬಲಗೈ ಎತ್ತಿದರು. ಕಣದಾಗ ಸೇರು ಹಿಡದು ಜ್ವಾಳ ಅಳದ ಕೈ ಇದು. ಸಿಳ್ಳೆ ಬಿತ್ತು.

ಸಿಳ್ಳೆ ಅಡಗಿದ ಮೇಲೆ ಅವಳು ಎದ್ದು, ನಿರೂಪಣೆ ಮಾಡುತ್ತಿದ್ದ ಹುಡುಗಿಯ ಕೈಯಿಂದ ಮೈಕ್ ಇಸಿದುಕೊಂಡಳು.

'ಸರ್, ಒಂದು ಕೇಳ್ತೀನ್ರಿ' ಅಂದಳು, ಎಲ್ಲರಿಗೂ ಕೇಳುವ ಹಾಗೆ, ಬಹಳ ಮರ್ಯಾದೆಯಿಂದ. 'ರಾಶಿ ಅಳಿಯಾಗ ಮೊದಲನೇ ಸೇರಿಗೆ ಏನಂತಿದ್ರಿ?'

ಅವರ ಕೈ ಇನ್ನೂ ಮೇಲೇ ಇತ್ತು. ಪ್ರಿನ್ಸಿಪಾಲರು ನಗುವುದೋ ಬೇಡವೋ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಅತಿಥಿಗಳು ಎತ್ತಿದ ಕೈಯನ್ನೇ ಒಮ್ಮೆ ನೋಡಿಕೊಂಡರು. ಆ ಕಮಿಟಿಯ ಕೋಣೆ ಅವರಿಗೂ ಕಂಡಿರಬೇಕು, ನನಗಂತೂ ಕಾಣುತ್ತಿತ್ತು. ಹಿಂದಿನ ಗೋಡೆಯ ಹತ್ತಿರದಿಂದ ಒಂದು ಹುಡುಗಿ ದನಿ, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ, ಲಾಭ ರೀ ಅಂದಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಸಭಾಂಗಣದ ಆ ತುದಿಯಿಂದ ಈ ತುದಿಯ ತನಕ, ಕಣ ನೋಡಿದ ಮಕ್ಕಳೆಲ್ಲ ಒಟ್ಟಿಗೆ ಅಂದರು.

'ನನ್ನ ಪ್ರಬಂಧದಾಗೂ ಅದನ್ನೇ ಬರದಿದ್ದೆ' ಅಂದಳು ಅವಳು ಮಕ್ಕಳ ಕಡೆ ತಿರುಗಿ. 'ಅದಕ್ಕೇ ಅದು ಯಂತ್ರ ಬರದದ್ದು ಅಂದ್ರು.'

ಮೈಕ್ ವಾಪಸ್ ಕೊಟ್ಟು ತನ್ನ ಕುರ್ಚಿಯಲ್ಲಿ ಹೋಗಿ ಕೂತಳು. ಅವರು ಕೈ ಇಳಿಸಿ, ಟೇಬಲ್ಲಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆಯತೊಡಗಿದರು.